ಸೆಮಿಕೋಲನ್ ಹೆಡರ್ ಕಳಿಸಿದ ದಿನ

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣವಾದ ವಸ್ತುವಿನ ಗಾತ್ರ ಮೂರು ಬೈಟು. ಬೈಟು ಎಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು ಇಂಗ್ಲಿಷ್ ಅಕ್ಷರ ಕಾಲು ಮಡಚಿ ಕೂರುವಷ್ಟು ಜಾಗ. ಇಂಥ ಮೂರು ಬೈಟು ಸೇರಿ ಐದು ಸಾವಿರ ಈಜುಗಾರರನ್ನು ಒಣನೆಲದ ಮೇಲೆ ನಿಲ್ಲಿಸಿದವು, ಒಂದು ಆಫೀಸಿನ ಹನ್ನೊಂದು ಮಂದಿಗೆ ನೀರು ಕುಡಿಸಿದವು, ಸೆಮಿಕೋಲನ್ ಎಂಬ ನಿರಪರಾಧಿಯ ತಲೆಗೂದಲು ಕಾಲು ಭಾಗ ಉದುರಿಸಿದವು. ಇದರಲ್ಲಿ ಎಳ್ಳಷ್ಟೂ ಉತ್ಪ್ರೇಕ್ಷೆಯಿಲ್ಲ. ಕೂದಲನ್ನು ಮರುದಿನ ಕಸ ಗುಡಿಸುವಾಕೆ ಕಣ್ಣಾರೆ ಕಂಡಿದ್ದಾಳೆ.

ಸೆಮಿಕೋಲನ್ ಅವನ ನಿಜವಾದ ಹೆಸರಲ್ಲ. ವೆಬ್‌ಸೈಟು ಕಟ್ಟಿಕೊಡುವ ಆ ಆಫೀಸಿಗೆ ಸೇರಿದ ಮೊದಲ ವಾರ ಅವನು ಕೋಡಿನಲ್ಲಿ ಸಾಲಿನ ಕೊನೆಯ ಸೆಮಿಕೋಲನ್ ಚಿಹ್ನೆ ಹಾಕುವುದನ್ನು ಮರೆತು ಮೂರು ಊರಿನ ವೆಬ್‌ಸೈಟುಗಳನ್ನು ಒಟ್ಟಿಗೆ ಮಲಗಿಸಿದ್ದ. ಅಂದಿನಿಂದ ಅವನ ತಂದೆ ತಾಯಿ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿಯಿತು.

ಬೆಳಗ್ಗೆ ಒಂಬತ್ತೂವರೆಗೆ ಅವನು ಆಫೀಸಿಗೆ ಕಾಲಿಟ್ಟಾಗ ಮ್ಯಾನೇಜರ್ ಬಾಗಿಲಲ್ಲೇ ನಿಂತಿದ್ದರು. ಮುಖ ಸುಟ್ಟ ಬಲ್ಬಿನಂತಿತ್ತು.

"ಬಾಪ್ಪಾ ಬಾ. ಈಜುಕೊಳದ ಸೈಟ್ ಬಿದ್ದಿದೆ."

"ಬೀಳೋದಾ? ನಿನ್ನೆ ಮಧ್ಯಾಹ್ನ ಗಟ್ಟಿಮುಟ್ಟಾಗಿತ್ತಲ್ಲ ಸರ್?"

"ನಿನ್ನೆ ನಾನೂ ಗಟ್ಟಿಮುಟ್ಟಾಗಿದ್ದೆ. ಇವತ್ತು ಹನ್ನೆರಡು ಗಂಟೆಗೆ ಬೇಸಿಗೆ ಈಜಿಗೆ ಹೆಸರು ಬರೆಸೋದು ಶುರು. ಐದು ಸಾವಿರ ಜನ ಬೆರಳು ಎತ್ತಿಕೊಂಡು ಕೂತಿದಾರೆ. ಕೊಳದ ಕಾರ್ಯದರ್ಶಿ ಮೇಡಂ ಆಗಲೇ ನಾಲ್ಕು ಸಲ ಫೋನ್ ಮಾಡಿದ್ರು. ಹನ್ನೆರಡಕ್ಕೆ ಸೈಟ್ ಎದ್ದರೆ ಸರಿ. ಏಳಲಿಲ್ಲ ಅಂದ್ರೆ..."

ಮ್ಯಾನೇಜರ್ ಬೆರಳು ಮೂಲೆಯ ಕಡೆ ಚಾಚಿದರು.

ಆ ಮೂಲೆಯಲ್ಲಿ, ಶೌಚಾಲಯದ ಬಾಗಿಲಿಗೆ ಮೊಣಕೈ ತಾಗುವಂತೆ, ಒಂದು ಕುರ್ಚಿ, ಒಂದು ಮೇಜು, ಮೇಜಿನ ಮೇಲೊಂದು ಫೋನು. ದೂರು ಕೇಳುವ ಫೋನು. ಅದು ದಿನಕ್ಕೆ ಮುನ್ನೂರು ಸಲ ಬಡಿದುಕೊಳ್ಳುತ್ತಿತ್ತು. ಅಲ್ಲಿ ಎರಡು ವರ್ಷ ಕೂತಿದ್ದ ಮನುಷ್ಯ ಕೊನೆಕೊನೆಗೆ ಮನೆಯ ಕರೆಗಂಟೆ ಕೇಳಿದರೂ "ಕ್ಷಮಿಸಿ, ಪರಿಶೀಲಿಸುತ್ತೇವೆ" ಎನ್ನುತ್ತಿದ್ದ. ಹೋದ ವಾರ ರಾಜೀನಾಮೆ ಕೊಟ್ಟು, ಫೋನ್ ಸಿಗ್ನಲ್ಲೇ ಇಲ್ಲದ ಒಂದು ಬೆಟ್ಟ ಹುಡುಕಿಕೊಂಡು ಹೊರಟುಹೋದ. ಕುರ್ಚಿ ಖಾಲಿ. ಮೆತ್ತೆಯ ಮೇಲೆ ಅವನು ಕೂತ ಗುಳಿ ಇನ್ನೂ ಇತ್ತು.

ಸೆಮಿಕೋಲನ್‌ಗೆ ಆ ಗುಳಿ ತನ್ನ ಅಳತೆ ತೆಗೆದುಕೊಳ್ಳುತ್ತಿರುವಂತೆ ಕಂಡಿತು. ಓಡಿಹೋಗಿ ತನ್ನ ಕಂಪ್ಯೂಟರಿನ ಮುಂದೆ ಕೂತ.

ಕೊಳದ ಸೈಟಿಗೆ ಲಾಗಿನ್ ಆದ. ಸದಸ್ಯನನ್ನು ಗುರುತಿಸಿ, ಈಜಿನ ವೇಳೆಗಳ ಪುಟಕ್ಕೆ ಕರೆದೊಯ್ಯಬೇಕಾದ ಸೈಟು, ಬೆಳ್ಳಗಿನ ಪುಟವೊಂದನ್ನು ಮುಖಕ್ಕೆ ಹಿಡಿಯಿತು. ಅದರಲ್ಲಿ ಇಂಗ್ಲಿಷಿನಲ್ಲಿ ಒಂದೇ ಬೈಗುಳ: ಹೆಡರ್ ಕಳಿಸಲಾಗದು, ಮಾತು ಆಗಲೇ ಶುರುವಾಗಿದೆ, ಶುರುವಾದದ್ದು ಬಾಗಿಲ ಫೈಲಿನ ಒಂದನೇ ಸಾಲಿನಲ್ಲಿ.

ಇದರ ಒಳಗುಟ್ಟು ಇಷ್ಟು. ಪುಟವನ್ನು ಕಳಿಸುವ ಮೊದಲು ಸೈಟನ್ನು ಹೊತ್ತ ಕಂಪ್ಯೂಟರು, ಅಂದರೆ ಸರ್ವರು, ನಿಮ್ಮ ಬ್ರೌಸರಿನ ಕಿವಿಯಲ್ಲಿ ಒಂದಿಷ್ಟು ಪಿಸುಗುಟ್ಟುತ್ತದೆ: ಇವರು ನಮ್ಮ ಸದಸ್ಯರು, ನೆನಪಿಟ್ಟುಕೋ; ಇವರನ್ನು ಆ ಇನ್ನೊಂದು ಪುಟಕ್ಕೆ ಕರೆದುಕೊಂಡು ಹೋಗು. ಈ ಪಿಸುಮಾತಿಗೆ ಹೆಡರ್ ಎಂದು ಹೆಸರು. ಪಿಸುಮಾತು ಮೊದಲು, ಬಹಿರಂಗ ಭಾಷಣ ಆಮೇಲೆ. ಪುಟದ ಒಂದೇ ಒಂದು ಅಕ್ಷರ, ಹೋಗಲಿ ಒಂದು ಖಾಲಿ ಜಾಗ ಹೊರಗೆ ಬಿತ್ತೋ, ಭಾಷಣ ಶುರುವಾದ ಹಾಗೆ. ಆಮೇಲೆ ಸರ್ವರು ಎಷ್ಟು ಪಿಸುಗುಟ್ಟಿದರೂ ಕೇಳುವವರಿಲ್ಲ. ಕೊಳದ ಸೈಟಿನ ಪ್ರತಿಯೊಂದು ಪುಟವೂ ಬಾಗಿಲ ಫೈಲನ್ನು ದಾಟಿಯೇ ಹೊರಬೀಳಬೇಕಿತ್ತು. ಆ ಬಾಗಿಲೇ ಮೊದಲು ಬಾಯಿ ಬಿಡುತ್ತಿತ್ತು.

ಸೆಮಿಕೋಲನ್ ಬಾಗಿಲ ಫೈಲನ್ನು ತೆರೆದು ಒಂದನೇ ಸಾಲು ನೋಡಿದ. ಏನೂ ಇಲ್ಲ. ಸರ್ವರಿಗೆ ಕೊಡುವ ಆಜ್ಞೆಗಳ ಸ್ಕ್ರಿಪ್ಟು ಶುರುವಾಗುವ ಚಿಹ್ನೆ ಗೋಡೆಗೆ ಬೆನ್ನು ಹಚ್ಚಿ ನಿಂತ ಕಾವಲುಗಾರನಂತೆ ನೆಟ್ಟಗೆ ನಿಂತಿತ್ತು. ಮುಂದೆ ಖಾಲಿ ಜಾಗವಿಲ್ಲ, ಮೇಲೆ ಖಾಲಿ ಸಾಲಿಲ್ಲ. ಕನ್ನಡಕ ಒರೆಸಿ ನೋಡಿದ. ಪರದೆ ಒರೆಸಿ ನೋಡಿದ. ಎರಡನ್ನೂ ಮತ್ತೊಮ್ಮೆ ಒರೆಸಿದ.

"ಒಂದು ಹೆಡರಾದ್ರೂ ಹೋಗುತ್ತಾ ನೋಡೋಣ" ಎಂದುಕೊಂಡು ಏಳು ಥರದ ಹೆಡರುಗಳನ್ನು ಸಾಲಾಗಿ ಬರೆದ, ಬೀಗಕ್ಕೆ ಗೊಂಚಲಿನ ಕೀಲಿಯೆಲ್ಲ ತುರುಕಿ ನೋಡುವವನ ಹಾಗೆ. ಏಳಕ್ಕೆ ಏಳೂ ಹೋಗಲಿಲ್ಲ.

ಅಷ್ಟರಲ್ಲಿ ಬೆನ್ನ ಹಿಂದೆ ಟೆಸ್ಟರಕ್ಕ ಪ್ರತ್ಯಕ್ಷವಾದಳು. ಆಫೀಸಿನಲ್ಲಿ ಸೈಟುಗಳನ್ನು ಪರೀಕ್ಷೆ ಮಾಡುವ ಹೊಣೆ ಅವಳದು. ಇಪ್ಪತ್ತು ವರ್ಷದಿಂದ ಪರೀಕ್ಷೆ ಮಾಡಿ ಮಾಡಿ, ಕಾಫಿ ಕೊಟ್ಟರೂ ಮೂರು ಕಡೆಯಿಂದ ಗುಟುಕರಿಸಿ ನೋಡುವ ಅಭ್ಯಾಸ ಬಂದಿತ್ತು.

"ಏನೋ ತಮ್ಮಾ, ಹೀಗೆ ನೋಡ್ತಾ ಕೂತ್ರೆ ಅದೇನು ನಾಚಿಕೊಂಡು ಸರಿಹೋಗುತ್ತಾ? ನಡುನಡುವೆ 'ಇಲ್ಲಿವರೆಗೆ ಬಂತು' ಅಂತ ಪುಟದ ಮೇಲೆ ಪ್ರಿಂಟ್ ಮಾಡಿಸು. ಎಲ್ಲಿ ನಿಲ್ಲುತ್ತೋ ಅಲ್ಲೇ ಕಳ್ಳ."

"ಬೇಡಕ್ಕಾ, ಪ್ರಿಂಟ್ ಮಾಡಿದ್ರೇನೇ ತೊಂದರೆ..."

"ನೀನು ಸುಮ್ನಿರು, ನಾನು ಹಾಕಿದೀನಿ."

ಹಾಕಿಯೂ ಆಗಿತ್ತು! ಆ ಆಫೀಸಿನ ದೊಡ್ಡ ಸೌಕರ್ಯವೆಂದರೆ ಸರ್ವರಿನಲ್ಲಿದ್ದ ಒಂದೇ ಫೈಲಿಗೆ ಯಾರು ಬೇಕಾದರೂ ತಮ್ಮ ತಮ್ಮ ಕುರ್ಚಿಯಿಂದಲೇ ಕೈ ಹಾಕಬಹುದಿತ್ತು. ಪುಟಕ್ಕೆ ಚಂದ ಬಳಿಯುವ ಡಿಸೈನರ್ ಬಣ್ಣಪ್ಪ ಇದನ್ನು ಕೇಳಿ ಸುಮ್ಮನಿರುವನೇ? ಮೂವತ್ತೊಂದನೇ ಸಾಲಿನಲ್ಲಿ 'ಬಣ್ಣಪ್ಪ ಇಲ್ಲಿದ್ದಾನೆ' ಎಂದು ಪ್ರಿಂಟ್ ಹಾಕಿದ, ಅದೂ ಗುಲಾಬಿ ಬಣ್ಣದಲ್ಲಿ. ಮ್ಯಾನೇಜರ್ ತಮ್ಮ ಕೋಣೆಯಿಂದ ಒಂಬತ್ತನೇ ಸಾಲಿಗೆ 'ಏನಾಯ್ತು?' ಸೇರಿಸಿದರು, ಉತ್ತರ ಬರಲಿಲ್ಲವೆಂದು ಹತ್ತನೇ ಸಾಲಿಗೆ 'ಬೇಗ!' ಸೇರಿಸಿದರು.

ಕಾಲು ಗಂಟೆಯಲ್ಲಿ ಬಾಗಿಲ ಫೈಲು ಮದುವೆ ಮನೆಯ ಪಡಸಾಲೆಯಾಯಿತು. ಎಲ್ಲರೂ ಮಾತಾಡುವವರೇ, ಪಿಸುಗುಟ್ಟುವವರು ಯಾರೂ ಇಲ್ಲ.

ಫೋನ್ ಬಂತು. ಕೊಳದ ಕಾರ್ಯದರ್ಶಿ ಮೇಡಂ. ಒಂದು ಕಾಲದಲ್ಲಿ ಎರಡು ಮೈಲಿ ಅಗಲದ ಹೊಳೆಯನ್ನು ಒಂದೇ ಉಸಿರಿನಲ್ಲಿ ಈಜಿದವರಂತೆ. ಆ ಉಸಿರು ಇನ್ನೂ ಖರ್ಚಾಗಿರಲಿಲ್ಲ. ಸ್ಪೀಕರಿಗೆ ಹಾಕದಿದ್ದರೂ ಇಡೀ ಆಫೀಸಿಗೆ ಕೇಳಿಸಿತು.

"ಯಾರ್ರೀ ಅವನು ಬಣ್ಣಪ್ಪ? ನನ್ನ ಕೊಳದಲ್ಲಿ ಅವನಿಗೇನು ಕೆಲಸ?"

"ಮೇಡಂ, ಅದು ನಮ್ಮ..."

"ನಲವತ್ತು ಜನ ಸದಸ್ಯರು ಫೋನ್ ಮಾಡಿ ಕೇಳ್ತಿದಾರೆ, ಹೊಸ ಈಜು ಮಾಸ್ತರಾ ಅಂತ! ಇನ್ನೊಬ್ಬರು ಕೇಳ್ತಾರೆ, ನಾನು ಲಾಗಿನ್ ಆದ್ರೆ 'ಏನಾಯ್ತು? ಬೇಗ!' ಅಂತ ಗದರಿಸ್ತೀರಲ್ಲಾ, ನಾನೇನು ತಪ್ಪು ಮಾಡಿದೆ ಅಂತ!"

ಫೋನ್ ಇಟ್ಟ ಮ್ಯಾನೇಜರ್ ಸೆಮಿಕೋಲನ್ ಕಡೆ ನೋಡಿದರು. ಎದ್ದು ಹೋಗಿ ಮೂಲೆಯ ಕುರ್ಚಿಯ ಧೂಳು ಒರೆಸಿ ಬಂದರು.

ಆಗ ಭಾವ ಬಂದ. ಸರ್ವರ್ ಕೋಣೆಯ ಒಡೆಯ. ಸೆಮಿಕೋಲನ್‌ನ ಸ್ವಂತ ಅಕ್ಕನ ಗಂಡ. ಭಾವಮೈದುನನಿಗೆ ಈ ಕೆಲಸ ಕೊಡಿಸಿದವನೂ ಅವನೇ, ಅದನ್ನು ದಿನಕ್ಕೆರಡು ಸಲ ನೆನಪಿಸುವವನೂ ಅವನೇ. ಸರ್ವರ್ ಕೋಣೆಯ ಚಳಿಗೆ ವರ್ಷವಿಡೀ ಸ್ವೆಟರ್ ಹಾಕಿಕೊಂಡೇ ಇರುತ್ತಿದ್ದ.

"ನಿನ್ನನ್ನ ಇಲ್ಲಿ ಸೇರಿಸಿದ್ದಕ್ಕೆ ನನ್ನ ಮಾನ ಹೋಗ್ತಿದೆ ಕಣೋ. ನಿಮ್ಮಕ್ಕಂಗೆ ಏನಂತ ಹೇಳಲಿ?"

"ಭಾವಾ, ಬ್ಯಾಕಪ್ ಇದ್ರೆ ಕೊಡಿ, ಹಳೇ ಫೈಲ್ ಹಾಕಿಬಿಡೋಣ."

"ಬ್ಯಾಕಪ್ ಇಲ್ದೆ ಏನು, ಇದೆ. ಅದರಲ್ಲಿ ನಿಮ್ಮಕ್ಕನ ಮದುವೆ ಫೋಟೋ ತುಂಬಿ ಜಾಗ ಇಲ್ಲ. ಅದೆಲ್ಲ ಬೇಡ, ನಾನು ಹೇಳಿದ ಹಾಗೆ ಕೇಳು. ತೊಟ್ಟಿ ಇಡು."

ತೊಟ್ಟಿ ಎಂದರೆ ಬಫರ್. ಹೊರಗೆ ಹೋಗುವ ಮಾತನ್ನೆಲ್ಲ ಮೊದಲು ಒಂದು ತೊಟ್ಟಿಯಲ್ಲಿ ತುಂಬಿಸಿಟ್ಟುಕೊಂಡು, ಹೆಡರನ್ನು ಮುಂದೆ ಕಳಿಸಿ, ಆಮೇಲೆ ತೊಟ್ಟಿ ಸುರಿಯುವುದು. ಒಳ್ಳೆಯ ಉಪಾಯವೇ. ಸೆಮಿಕೋಲನ್ ಬಾಗಿಲ ಫೈಲಿನ ಎರಡನೇ ಸಾಲಿಗೆ ತೊಟ್ಟಿ ಇಟ್ಟ. ಬಣ್ಣಪ್ಪ, ಟೆಸ್ಟರಕ್ಕ, ಮ್ಯಾನೇಜರ್ ಮೂವರ ಮಾತೂ ತೊಟ್ಟಿಯೊಳಗೆ ಬಿತ್ತು. ಆದರೂ ಅದೇ ಬೈಗುಳ. ಮಾತು ಶುರುವಾದದ್ದು ಒಂದನೇ ಸಾಲಿನಲ್ಲಿ!

"ತೊಟ್ಟಿಗೆ ಮುಂಚೆನೇ ಸೋರ್ತಾ ಇದೆ ಭಾವಾ."

"ನೀನು ತೊಟ್ಟಿ ನೆಟ್ಟಗೆ ಇಟ್ಟಿರಲ್ಲ."

"ತೊಟ್ಟಿಯಲ್ಲಿ ನೆಟ್ಟಗೆ, ಸೊಟ್ಟಗೆ ಅಂತ ಇರುತ್ತಾ?"

"ಹಿರಿಯರಿಗೆ ಎದುರು ಮಾತಾಡ್ತಿಯಾ? ಇರು, ನಿಮ್ಮಕ್ಕಂಗೆ ಹೇಳ್ತೀನಿ."

ಗಡಿಯಾರ ಹನ್ನೊಂದೂ ಕಾಲು ತೋರಿಸಿತು. ಟೆಸ್ಟರಕ್ಕ ಹೊಸದೊಂದು ಪ್ರಿಂಟ್ ಹಾಕಲು ಬೆರಳು ನೀವುತ್ತಿದ್ದಳು. ಬಣ್ಣಪ್ಪ ಗುಲಾಬಿ ತೆಗೆದು ನೇರಳೆ ಹಾಕಿದರೆ ಸರಿಹೋದೀತೇ ಎಂದು ಯೋಚಿಸುತ್ತಿದ್ದ. ಆಗ, ಆ ಆಫೀಸಿನ ಗೋಡೆಗಳು ಹಿಂದೆಂದೂ ಕೇಳದ ಒಂದು ಸದ್ದಾಯಿತು. ಸೆಮಿಕೋಲನ್ ಕೂಗಿದ್ದ.

"ಎಲ್ಲರೂ ಕೈ ತೆಗೀರಿ! ಯಾರಾದ್ರೂ ಈ ಫೈಲ್ ಮುಟ್ಟಿದ್ರೆ ನಾನು ಮನುಷ್ಯನಾಗಿರಲ್ಲ!"

ಹೊರಗೆ ಮರದ ಮೇಲಿದ್ದ ಎರಡು ಕಾಗೆ ಹಾರಿಹೋದವು. ಬೀದಿಯಲ್ಲೊಂದು ಕಾರು ಬ್ರೇಕ್ ಹಾಕಿತು. ಮ್ಯಾನೇಜರ್ ಅರಿವಿಲ್ಲದೆ ಎರಡೂ ಕೈ ಮೇಲೆತ್ತಿದರು. ಸೆಮಿಕೋಲನ್ ಫೈಲಿನ ಪಾಸ್‌ವರ್ಡ್ ಬದಲಾಯಿಸಿ, ಪ್ರಿಂಟ್ ಎಂದು ಬಾಯಿ ಬಿಡುವ ಪ್ರತಿಯೊಂದು ಸಾಲನ್ನೂ ಹುಡುಕಿ ಕತ್ತು ಹಿಸುಕಿದ. ಹತ್ತೊಂಬತ್ತು ಸಾಲು ಸತ್ತವು. "ಇನ್ನೊಬ್ಬರ ಫೈಲಲ್ಲಿ ಹೊಲಸು ಮಾಡಿ, ಹಾಗೇ ಬಿಟ್ಟು ಹೋಗ್ತೀರಲ್ಲಾ, ನಾಚಿಕೆ ಆಗಲ್ವಾ?" ಎಂದು ತಿರುಗಿ ಮೂವರಿಗೂ ಬುದ್ಧಿ ಹೇಳಿದ. ಮೂವರೂ ಶಾಲೆಯಲ್ಲಿ ಸಿಕ್ಕಿಬಿದ್ದ ಮಕ್ಕಳಂತೆ ತಲೆ ತಗ್ಗಿಸಿದರು. ಅವನ ಎದೆ ಒಂದು ಗೇಣು ಅಗಲವಾಯಿತು. ಅಂಗಿಯ ಗುಂಡಿ ಕಿತ್ತು ಬಣ್ಣಪ್ಪನ ಕಾಫಿ ಲೋಟಕ್ಕೆ ಬಿತ್ತೆಂದು ನೋಡಿದವರು ಹೇಳುತ್ತಾರೆ.

ಮತ್ತೆ ಒಂದನೇ ಸಾಲಿಗೆ ಬಂದ. ಕರ್ಸರನ್ನು ಫೈಲಿನ ತುತ್ತತುದಿಗೆ ತಂದು ನಿಲ್ಲಿಸಿ, ಬಲಕ್ಕೆ ಹೋಗುವ ಬಾಣದ ಕೀಲಿಯನ್ನು ಒಮ್ಮೆ ಒತ್ತಿದ.

ಕರ್ಸರ್ ಕದಲಲಿಲ್ಲ.

ಇನ್ನೊಮ್ಮೆ ಒತ್ತಿದ. ಈಗ ಒಂದು ಹೆಜ್ಜೆ ಮುಂದೆ ಹೋಯಿತು.

ಸೆಮಿಕೋಲನ್ ಕುರ್ಚಿ ಮುಂದಕ್ಕೆಳೆದುಕೊಂಡ. ಮೊದಲನೇ ಸಲ ಕೀಲಿ ಒತ್ತಿದಾಗ ಕರ್ಸರ್ ಯಾವುದನ್ನೋ ದಾಟಿತ್ತು. ದಾಟಿದ ಆ ವಸ್ತು ಕಣ್ಣಿಗೆ ಕಾಣುವಂಥದ್ದಲ್ಲ! ಫೈಲನ್ನು ಬೈಟು ಬೈಟಾಗಿ ಬಿಡಿಸಿ ತೋರಿಸುವ, ಎಕ್ಸ್-ರೇಯಂಥ ಪ್ರೋಗ್ರಾಮೊಂದಿದೆ. ಅದರೊಳಗೆ ಹಾಕಿ ನೋಡಿದ. ಇದ್ದವು. ಸ್ಕ್ರಿಪ್ಟಿನ ಚಿಹ್ನೆಗೂ ಮುಂಚೆ, ಹೊಸ್ತಿಲ ಮೇಲೆ ಭುಜಕ್ಕೆ ಭುಜ ಹಚ್ಚಿ, ಉಸಿರು ಬಿಗಿಹಿಡಿದು ಕೂತಿದ್ದವು ಮೂರು ಬೈಟು.

"ಸಿಕ್ಕಿಬಿದ್ರು!" ಎಂದ. "ಇವರನ್ನ ಇಲ್ಲಿ ಕೂರಿಸಿದೋರು ಯಾರು?"

ಭಾವ ಸರ್ವರಿನ ದಾಖಲೆ ತೆಗೆದು ಓದಿದ. "ಇವತ್ತಿನ ಗಲಾಟೆಗೆ ಮುಂಚೆ ಕೊನೇ ಸಲ ಸೇವ್ ಆಗಿದ್ದು ನಿನ್ನೆ ಸಂಜೆ ಐದೂ ನಲವತ್ತಕ್ಕೆ. ಎಲ್ಲಿಂದ ಅಂದ್ರೆ..." ಎಂದವನು ಗಂಟಲು ಸರಿಮಾಡಿಕೊಂಡು ಮ್ಯಾನೇಜರರ ಕೋಣೆಯ ಕಡೆ ನೋಡಿದ.

"ನಾನು ಪುಟದ ಕೆಳಗಿದ್ದ ಒಂದು ಅಕ್ಷರ ತಿದ್ದಿದೆ ಅಷ್ಟೆ ಕಣ್ರಯ್ಯಾ!" ಎಂದರು ಮ್ಯಾನೇಜರ್. "'ಈಜು' ಅನ್ನೋದು 'ಈಜೂ' ಅಂತಿತ್ತು. ಚೀಟಿ ಬರೆಯೋ ಎಡಿಟರಲ್ಲಿ ತೆಗೆದೆ, ಸರಿ ಮಾಡಿದೆ, ಮುಚ್ಚಿದೆ. ಮೂರು ಬೈಟು ಗೀಟು ನಾನ್ಯಾಕೆ ಇಡಲಿ?"

ಅವರು ಇಟ್ಟಿರಲಿಲ್ಲ, ಅವರ ಎಡಿಟರು ಇಟ್ಟಿತ್ತು. ಕೆಲವು ಎಡಿಟರುಗಳಿಗೆ ತಾವು ಸೇವ್ ಮಾಡಿದ ಫೈಲಿನ ಹಣೆಗೆ ಗುರುತಿನ ಮೂರು ಬೈಟು ಹಚ್ಚಿ ಕಳಿಸುವ ಅಭ್ಯಾಸ. ಚೀಟಿಗೆ ಅದರಿಂದ ಏನೂ ಆಗುವುದಿಲ್ಲ. ಬಾಗಿಲ ಫೈಲಿಗೆ ಆಯಿತು: ಆ ಮೂರು ಬೈಟೇ ಭಾಷಣದ ಮೊದಲ ಮಾತಾದವು.

ಹನ್ನೊಂದೂ ಐವತ್ತೆಂಟಕ್ಕೆ ಸೆಮಿಕೋಲನ್ ಮೂರೂ ಬೈಟುಗಳನ್ನು ಅಳಿಸಿ ಸೇವ್ ಮಾಡಿದ. ಲಾಗಿನ್ ಆದ. ಬಿಳಿ ಪುಟವಿಲ್ಲ, ಬೈಗುಳವಿಲ್ಲ. ಸೈಟು ಅವನನ್ನು ಮಾವನ ಮನೆಗೆ ಬಂದ ಹೊಸ ಅಳಿಯನಂತೆ ಕೈಹಿಡಿದು ಈಜಿನ ವೇಳೆಗಳ ಪುಟಕ್ಕೆ ಕರೆದೊಯ್ದು ಕೂರಿಸಿತು. ಬೆಳಗ್ಗೆ ಆರು: ಖಾಲಿ. ಏಳು: ಖಾಲಿ. ಎಂಟು: ಖಾಲಿ.

ಹನ್ನೆರಡು ಹೊಡೆಯಿತು. ಐದು ಸಾವಿರ ಜನ ಒಟ್ಟಿಗೆ ನುಗ್ಗಿದರು. ಸರ್ವರ್ ಕೋಣೆಯಿಂದ ಬಿಸಿಗಾಳಿ ಬೀಸಿತು. ಭಾವ ಆರು ವರ್ಷದಲ್ಲಿ ಮೊದಲ ಸಲ ಸ್ವೆಟರ್ ತೆಗೆದ. ಸೈಟು ಅಲುಗಾಡಲಿಲ್ಲ.

ಆಮೇಲೆ ನಡೆದದ್ದನ್ನು ವರ್ಣಿಸಲು ಸಾವಿರ ನಾಲಿಗೆ ಸಾಲದು. ಟೆಸ್ಟರಕ್ಕ ಸೆಮಿಕೋಲನ್‌ನ ಕೆನ್ನೆ ಹಿಂಡಿ "ನನ್ನ ತಮ್ಮ ಅಂದ್ರೆ ತಮ್ಮ!" ಎಂದಳು. ಬಣ್ಣಪ್ಪ ಅವನ ಚಿತ್ರ ಬರೆದು, ಕಿರೀಟ ತೊಡಿಸಿ ಗೋಡೆಗೆ ಅಂಟಿಸಿದ. ಭಾವ ಅವನ ಅಕ್ಕನಿಗೆ ಫೋನ್ ಹಚ್ಚಿ, "ನಿನ್ನ ತಮ್ಮನಿಗೆ ನಾನು ಕಲಿಸಿದ್ದು ವ್ಯರ್ಥ ಆಗಲಿಲ್ಲ ನೋಡೇ" ಎಂದ. ಮ್ಯಾನೇಜರ್ ಅವನನ್ನು ಎತ್ತಿಕೊಳ್ಳಲು ಹೋಗಿ, ಸೊಂಟ ಹಿಡಿದು, ಅಲ್ಲೇ ಕೂತು ಚಪ್ಪಾಳೆ ತಟ್ಟಿದರು.

ಕಾರ್ಯದರ್ಶಿ ಮೇಡಂ ಫೋನ್ ಮಾಡಿದರು. "ಯಾರ್ರೀ ಇದನ್ನ ಸರಿ ಮಾಡಿದ್ದು? ಹೆಸರು ಹೇಳಿ."

"ನಮ್ಮ ಸೆಮಿಕೋಲನ್, ಮೇಡಂ."

"ಎಂಥ ಒಳ್ಳೇ ಹೆಸರು! ನಮ್ಮ ಐದು ಸಾವಿರ ಸದಸ್ಯರಿಗೂ ಈಗಲೇ ಮೆಸೇಜ್ ಹಾಕ್ತೀನಿ. ಕೊಳ ಉಳಿಸಿದ ವೀರ ಇವರು, ಇನ್ನು ಮೇಲೆ ಏನೇ ತೊಂದರೆ ಬಂದರೂ ಬೇರೆ ಯಾರನ್ನೂ ಕೇಳಬೇಡಿ, ಇವರನ್ನೇ ಕೇಳಿ ಅಂತ!"

ಸೆಮಿಕೋಲನ್ ಮೂಲೆಯ ಕುರ್ಚಿಯ ಮುಂದೆ ಎರಡು ಸಲ ಬೇಕೆಂದೇ ಓಡಾಡಿದ. ಮೂರನೇ ಸಲ ಅದಕ್ಕೊಂದು ಕಣ್ಣು ಹೊಡೆದ.

ಎರಡೂವರೆಗೆ ಮೂಲೆಯ ಫೋನ್ ಮತ್ತೊಮ್ಮೆ ಬಡಿದುಕೊಂಡಿತು. ಮ್ಯಾನೇಜರ್ ಎತ್ತಿದರು. ಕೇಳಿಸಿಕೊಂಡು ಹುಬ್ಬೇರಿಸಿದರು.

"ಸೆಮಿಕೋಲನ್ ಅವರು ಬೇಕಂತೆ."

ಆ ಫೋನಿನ ಚರಿತ್ರೆಯಲ್ಲಿ ಯಾರಾದರೂ ಒಬ್ಬ ಮನುಷ್ಯನನ್ನು ಹೆಸರು ಹಿಡಿದು, ಅದೂ 'ಅವರು' ಹಚ್ಚಿ ಕೇಳಿದ್ದು ಅದೇ ಮೊದಲು. ಸೆಮಿಕೋಲನ್ ನಿಂತುಕೊಂಡೇ ಫೋನ್ ತೆಗೆದುಕೊಂಡ.

"ನಮಸ್ಕಾರ, ವೀರರಾ?" ವಯಸ್ಸಾದ ಗಂಡಸಿನ ದನಿ. "ನನಗೆ ಬೆಳಗ್ಗೆ ಆರರ ಈಜು ಬೇಕು. ಪುಟದಲ್ಲಿ ಖಾಲಿ ಅಂತಿದೆ. ಒತ್ತಿದ್ರೆ ಭರ್ತಿ ಆಗಿದೆ ಅನ್ನುತ್ತೆ. ಮತ್ತೆ ನೋಡಿದ್ರೆ ಖಾಲಿ ಅಂತಿದೆ. ಇಪ್ಪತ್ತಾರು ಸಲ ಒತ್ತಿದೆ."

"ಆರು ಭರ್ತಿ ಆಯ್ತಲ್ಲ ಸರ್, ಎರಡು ಗಂಟೆ ಹಿಂದೇನೇ."

"ನನ್ನ ಕಣ್ಣೆದುರಿಗೇ ಖಾಲಿ ಇದೆಯಲ್ಲಪ್ಪಾ!"

ಇಟ್ಟ ಕೂಡಲೇ ಮತ್ತೆ ಬಡಿಯಿತು. ಒಬ್ಬ ಹೆಂಗಸು, ಅವರಿಗೂ ಆರು ಖಾಲಿ. ಮತ್ತೆ ಬಡಿಯಿತು. ಅವರಿಗೂ ಖಾಲಿ. ಸೆಮಿಕೋಲನ್ ಬೆವರು ಒರೆಸಿಕೊಂಡು ಸರ್ವರ್ ಕೋಣೆಗೆ ಕೂಗು ಹಾಕಿದ. "ಭಾವಾ! ಸೈಟಿಂದ ಏನು ಹೋಗ್ತಿದೆ, ಸ್ವಲ್ಪ ನೋಡಿ!"

ಭಾವ ನೋಡಿದ. ನೋಡಿದವನು ಹೊರಗೆ ಬಂದ. ಸ್ವೆಟರ್ ಮತ್ತೆ ಹಾಕಿಕೊಂಡಿದ್ದ.

"ಹೆಡರ್ ಹೋಗ್ತಿವೆ ಕಣೋ. ಚೆನ್ನಾಗೇ ಹೋಗ್ತಿವೆ. ಸದಸ್ಯರನ್ನ ನೆನಪಿಟ್ಟುಕೋ ಅನ್ನೋದು ಒಂದು. ಮುಂದಿನ ಪುಟಕ್ಕೆ ಕರ್ಕೊಂಡು ಹೋಗು ಅನ್ನೋದು ಒಂದು. ಅವೆರಡೂ ಸರಿ. ಅದರ ಜೊತೆ ಇನ್ನೂ ಏಳು ಹೋಗ್ತಿವೆಯಲ್ಲ, ಅವನ್ನ ಯಾರು ಬರೆದಿದ್ದು?"

ಸೆಮಿಕೋಲನ್ ಹಣೆ ಚಚ್ಚಿಕೊಂಡ. ಬೆಳಗ್ಗೆ ಪರೀಕ್ಷೆಗೆಂದು ತಾನೇ ಸಾಲಾಗಿ ಬರೆದ ಏಳು! ಬಾಯಿ ಬಿಟ್ಟು ಮಾತಾಡಿದ ಹತ್ತೊಂಬತ್ತು ಸಾಲು ಕಣ್ಣಿಗೆ ಬಿದ್ದಿದ್ದವು, ಸತ್ತಿದ್ದವು. ಪಿಸುಗುಟ್ಟುವ ಏಳು ಸಾಲು ಪುಟದ ಮೇಲೆ ಕಾಣುವುದೇ ಇಲ್ಲ. ಅವು ಫೈಲಿನಲ್ಲೇ ಕಾಲು ಚಾಚಿ ಕೂತಿದ್ದವು. ದಾರಿ ತೆರೆದದ್ದೇ ತಡ, ಏಳೂ ಹೊರಟಿದ್ದವು.

"ಆರು ನಿರುಪದ್ರವಿಗಳು," ಎಂದ ಭಾವ. "ಏಳನೇದು ಏನು ಹೇಳುತ್ತೆ ಗೊತ್ತಾ? 'ಈ ಪುಟವನ್ನ ನಿನ್ನ ಹತ್ತಿರಾನೇ ಇಟ್ಟುಕೋ. ಒಂದು ವರ್ಷ ಮತ್ತೆ ನನ್ನನ್ನ ಕೇಳಬೇಡ.'"

ಹನ್ನೆರಡಕ್ಕೆ ನುಗ್ಗಿದ ಐದು ಸಾವಿರ ಜನರ ಬ್ರೌಸರುಗಳೂ ಆ ಮಾತನ್ನು ಶಿರಸಾವಹಿಸಿ ಪಾಲಿಸಿದ್ದವು. ಹನ್ನೆರಡರ ಪುಟ, ಖಾಲಿ ಖಾಲಿ ಪುಟ, ಮನೆಮನೆಯಲ್ಲಿ ಭದ್ರವಾಗಿ ಕೂತಿತ್ತು.

"ಆ ಸಾಲು ಅಳಿಸಿಬಿಡೋ ತಮ್ಮಾ!" ಎಂದಳು ಟೆಸ್ಟರಕ್ಕ.

"ಅಳಿಸ್ತೀನಕ್ಕಾ. ಆದ್ರೆ ಅಳಿಸಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಅವರ ಬ್ರೌಸರ್ ನಮ್ಮನ್ನ ಕೇಳಿದ್ರೆ ತಾನೆ?"

"ಮುಖಪುಟದಲ್ಲಿ ಒಂದು ದೊಡ್ಡ ಬೋರ್ಡ್ ಹಾಕ್ತೀನಿ. ಕೆಂಪು ಬಣ್ಣದಲ್ಲಿ," ಎಂದ ಬಣ್ಣಪ್ಪ.

"ಮುಖಪುಟಾನೂ ಬಾಗಿಲು ದಾಟೇ ಹೋಗಿದ್ದು ಬಣ್ಣಪ್ಪಾ. ಅದೂ ಒಂದು ವರ್ಷ ಹಳೇದೇ ಕಾಣೋದು."

"ಹಾಗಾದ್ರೆ ದಾರಿ?" ಎಂದರು ಮ್ಯಾನೇಜರ್.

"ಒಬ್ಬೊಬ್ಬರಿಗೂ ಹೇಳಬೇಕು ಸರ್. ಬ್ರೌಸರ್ ಸೆಟ್ಟಿಂಗ್‌ಗೆ ಹೋಗಿ, ಕೂಡಿಟ್ಟ ಪುಟ ಅಳಿಸಿ ಅಂತ. ಒಬ್ಬೊಬ್ಬರದ್ದೂ ಬೇರೆ ಬೇರೆ ಬ್ರೌಸರ್. ಕೆಲವರಿಗೆ ಬ್ರೌಸರ್ ಅಂದ್ರೇನು ಅನ್ನೋದರಿಂದ ಶುರು ಮಾಡಬೇಕು..."

ಹೇಳುತ್ತ ಹೇಳುತ್ತ ಅವನ ದನಿ ಸಣ್ಣಗಾಯಿತು. ಫೋನ್ ಮಾತ್ರ ಬಡಿದುಕೊಳ್ಳುತ್ತಲೇ ಇತ್ತು. ಮ್ಯಾನೇಜರ್ ಎತ್ತಿದರು, "ಒಂದು ನಿಮಿಷ, ಕೊಡ್ತೀನಿ" ಎಂದರು. ಬೈಯಲಿಲ್ಲ, ಗದರಲಿಲ್ಲ. ಸೆಮಿಕೋಲನ್‌ನ ಹೆಗಲ ಮೇಲೆ ತಂದೆಯಂತೆ ಕೈ ಇಟ್ಟರು.

"ನೀನು ಸೈಟ್ ಎಬ್ಬಿಸಿದೆ, ನಾನು ಕೊಟ್ಟ ಮಾತು ಮಾತೇ. ನಾನಾಗಿ ನಿನ್ನನ್ನ ಆ ಕುರ್ಚಿಯಲ್ಲಿ ಕೂರಿಸಲ್ಲಪ್ಪಾ. ಖಂಡಿತ ಕೂರಿಸಲ್ಲ. ಆದ್ರೆ ನೋಡು, ಅವರು ನಿನ್ನನ್ನ ಬಿಟ್ಟು ಬೇರೆ ಯಾರ ಹತ್ತಿರಾನೂ ಮಾತಾಡಲ್ಲ ಅಂತಿದಾರೆ."

ಸೆಮಿಕೋಲನ್ ಫೋನ್ ಕಿವಿಗಿಟ್ಟ. ಆ ಕಡೆಯವರು ತಮ್ಮ ಸದಸ್ಯ ಸಂಖ್ಯೆಯಿಂದ ಶುರುಮಾಡಿದರು. ನಿಂತು ನಿಂತು ಕಾಲು ನೋಯತೊಡಗಿತು. ಟೆಸ್ಟರಕ್ಕ ಕುರ್ಚಿಯನ್ನು ಸದ್ದಿಲ್ಲದೆ ಅವನ ಹಿಂದೆ ತಂದಿಟ್ಟಳು.

"ನಮಸ್ಕಾರ," ಎಂದು ವೀರ ಕೂತ. "ನಿಮ್ಮ ಮುಂದೆ ಈಗ ಏನು ಕಾಣ್ತಿದೆ ಹೇಳಿ."